ಸಿಗಾರ್ ಪೆಟ್ಟಿಗೆಯನ್ನು ಹದಿನೈದು ವರ್ಷ ಕಾಪಿಟ್ಟರೆ ಚಿನ್ನದಂತೆ ಬೆಲೆ ಬರುತ್ತದೆಯೇ?

ಚಿಕ್ಕಪ್ಪ ದುಬೈನಿಂದ ಎರಡು ಸಲ ಬಂದಾಗ ಒಂದೊಂದರಂತೆ ಕೊಟ್ಟ ಎರಡು ಪೆಟ್ಟಿಗೆ ಕ್ಯೂಬಾ ಸಿಗಾರ್ ನಿಮ್ಮ ಕುವೆಂಪುನಗರದ ಮನೆಯಲ್ಲಿವೆ. ನಿಮಗೆ ಸೇದುವ ಅಭ್ಯಾಸವಿಲ್ಲ. ಹದಿನೈದು ವರ್ಷ ಜೋಪಾನ ಮಾಡಿ ಮಾರಿದರೆ ಮಗಳ ಓದಿಗೆ ಆದೀತೇ ಎಂದು ಕೇಳಿದ್ದೀರಿ. ಮೊದಲೇ ಹೇಳಿಬಿಡುತ್ತೇನೆ: ಜೋಪಾನ ಮಾಡುವುದು ಮೈಸೂರಿನಲ್ಲಿಯೂ ಸಾಧ್ಯ. ಮಗಳ ಓದಿಗೆ ಮಾತ್ರ ಅದನ್ನು ನೆಚ್ಚಿಕೊಳ್ಳಬೇಡಿ.

ನಾನು ಪಿರಿಯಾಪಟ್ಟಣ ತಾಲ್ಲೂಕಿನ ಹೊಗೆಸೊಪ್ಪಿನ ಮನೆಯಲ್ಲಿ ಬೆಳೆದವನು. ನಾವು ಬೆಳೆಯುತ್ತಿದ್ದುದು ಸಿಗರೇಟಿಗೆ ಹೋಗುವ ವರ್ಜೀನಿಯಾ. ಬ್ಯಾರನ್‌ನೊಳಗೆ ಸೌದೆಯ ಕಾವಿಗೆ ಕೆಲವೇ ದಿನಗಳಲ್ಲಿ ಹಳದಿಯಾಗಿ ಒಣಗುವ ಎಲೆ ಅದು. ಸಿಗಾರ್ ಎಲೆಯ ದಾರಿಯೇ ಬೇರೆ. ಅದನ್ನು ನೆರಳಿನಲ್ಲಿ ವಾರಗಟ್ಟಲೆ ಗಾಳಿಗೆ ನೇತುಹಾಕಿ, ಆಮೇಲೆ ರಾಶಿ ಒಟ್ಟಿ, ಒಳಗೆ ತಾನಾಗಿಯೇ ಹುಟ್ಟುವ ಬಿಸಿಯಲ್ಲಿ ಹುದುಗಿಸುತ್ತಾರೆ. ಅಮೋನಿಯಾದ ಘಾಟು ಬಹುಪಾಲು ಆಗಲೇ ಹೋಗುತ್ತದೆ. ಉಳಿದದ್ದು ಪೆಟ್ಟಿಗೆಯೊಳಗೆ ವರ್ಷಗಟ್ಟಲೆ ನಿಧಾನವಾಗಿ ಇಳಿಯುತ್ತದೆ, ಎಲೆಯ ಒರಟುತನ ಕಳೆದು ರುಚಿ ಮೆತ್ತಗಾಗುತ್ತದೆ. ಸಿಗಾರ್ ಮಾಗುವುದು ಎಂದರೆ ಇದು. ಎಲ್ಲವೂ ಮಾಗುವುದಿಲ್ಲ ಎಂಬುದು ನೆನಪಿರಲಿ. ಖಾರವಾದ, ಎಣ್ಣೆಯಂಶ ಹೆಚ್ಚಿರುವ ಎಲೆಯ ಸಿಗಾರ್ ಹತ್ತಾರು ವರ್ಷ ತಾಳುತ್ತದೆ. ಸೌಮ್ಯವಾದದ್ದು ಬೇಗ ಸಪ್ಪೆಯಾಗುತ್ತದೆ. ಹದಿನೈದು ವರ್ಷ ಎಂದು ಲೆಕ್ಕ ಹಾಕುವ ಮೊದಲು ನಿಮ್ಮಲ್ಲಿರುವುದು ಯಾವ ಜಾತಿಯದು ಎಂದು ತಿಳಿದುಕೊಳ್ಳಿ.

ನಮ್ಮೂರಿನಲ್ಲಿ ಬ್ಯಾರನ್ ಆರಿದ ದಿನ ಎಲೆಯನ್ನು ಯಾರೂ ಮುಟ್ಟುತ್ತಿರಲಿಲ್ಲ. ಮುಟ್ಟಿದರೆ ಹಪ್ಪಳದಂತೆ ಪುಡಿಯಾಗುತ್ತಿತ್ತು. ರಾತ್ರಿ ಬಾಗಿಲು ತೆರೆದಿಟ್ಟು, ಬೆಳಗಿನ ಜಾವದ ತೇವ ಕುಡಿದು ಎಲೆ ಹದಕ್ಕೆ ಬಂದ ಮೇಲೆಯೇ ಇಳಿಸುತ್ತಿದ್ದರು. ಅಜ್ಜಿ ಒಂದು ಎಲೆಯನ್ನು ಬೆರಳಿಗೆ ಸುತ್ತಿ ನೋಡುತ್ತಿದ್ದಳು: ಮುರಿಯಬಾರದು, ಅಂಟಲೂಬಾರದು. ಸಿಗಾರಿಗೂ ಅದೇ ಹದ. ಅಂಕಿಯಲ್ಲಿ ಹೇಳುವುದಾದರೆ ಸಾಪೇಕ್ಷ ಆರ್ದ್ರತೆ ಶೇ 65ರಿಂದ 70, ಉಷ್ಣತೆ 18ರಿಂದ 20 ಡಿಗ್ರಿ. ದೀರ್ಘಕಾಲ ಇಡುವವರು ಶೇ 62ರಿಂದ 65ಕ್ಕೆ ಇಳಿಸಿಕೊಳ್ಳುತ್ತಾರೆ. ನಾನೂ 65ಕ್ಕೇ ನಿಲ್ಲಿಸಿದ್ದೇನೆ, ಏಕೆಂದರೆ ನಮ್ಮ ಜುಲೈ, ಆಗಸ್ಟ್ ತಿಂಗಳುಗಳ ಥಂಡಿಯಲ್ಲಿ 70 ಎಂಬುದು ಬೂಷ್ಟಿಗೆ ಬಾಗಿಲು ತೆರೆದಂತೆ. ಎಲೆಯ ಮೇಲೆ ಬಿಳಿಯ ಪದರ ಕಂಡರೆ ಮಾಗಿದ ಗುರುತು ಎಂದು ಹೇಳುವವರಿದ್ದಾರೆ, ನಂಬಬೇಡಿ. ಹೆಚ್ಚಿನ ಸಲ ಅದು ಬರೀ ಬೂಷ್ಟು.

ಆದರೆ ಮೈಸೂರಿನಲ್ಲಿ ತೇವಕ್ಕಿಂತ ದೊಡ್ಡ ಶತ್ರು ಏಪ್ರಿಲ್ ತಿಂಗಳ ಸೆಕೆ. ಭಾವ 2011ರಲ್ಲಿ ತಂದುಕೊಟ್ಟ 25ರ ಪೆಟ್ಟಿಗೆಯನ್ನು ನಾನು ಮಹಡಿಯ ಮೇಲೆ, ತಾರಸಿಯ ಕೆಳಗಿನ ಕೋಣೆಯ ಕಬ್ಬಿಣದ ಬೀರುವಿನಲ್ಲಿ ಇಟ್ಟಿದ್ದೆ. ಎರಡನೆಯ ಬೇಸಿಗೆಯಲ್ಲಿ ತೆರೆದಾಗ 14 ಸಿಗಾರ್‌ಗಳಲ್ಲಿ ಗುಂಡುಸೂಜಿಯಿಂದ ಚುಚ್ಚಿದಂಥ ತೂತುಗಳು, ತಳದಲ್ಲಿ ಕಂದು ಹುಡಿ. ಧಾನ್ಯದ ಕುಟ್ಟೆಹುಳವನ್ನು ಹೋಲುವ ಆ ಪುಟ್ಟ ಜೀರುಂಡೆಯ ಶಾಸ್ತ್ರೀಯ ಹೆಸರು ಲಾಸಿಯೋಡರ್ಮಾ ಸೆರಿಕಾರ್ನೆ. ಮೊಟ್ಟೆ ಎಲೆಯ ಜೊತೆಗೇ ಬಂದಿರಬಹುದು. ತಂಪಿನಲ್ಲಿ ಸುಮ್ಮನಿದ್ದು, 24 ಡಿಗ್ರಿಯ ಆಸುಪಾಸು ದಾಟಿದರೆ ಒಡೆಯುತ್ತದೆ. ಅದೇ ಹುಳು ಒಣಮೆಣಸಿನಕಾಯಿ, ಕೊತ್ತಂಬರಿ ಬೀಜಕ್ಕೂ ಬೀಳುತ್ತದೆ. ನಮ್ಮ ಅಡುಗೆಮನೆಯ ಡಬ್ಬಿಗಳವರೆಗೂ ಬಂದಿತ್ತು. ಹೆಂಡತಿ ಒಂದು ವರ್ಷದ ಸಾರಿನಪುಡಿಯ ಸಾಮಾನನ್ನು ಹೊರಗೆ ಸುರಿಯಬೇಕಾಯಿತು, ಅದರ ಬೇಸರ ನನಗೆ ಇಂದಿಗೂ ಇದೆ.

ಆದ್ದರಿಂದ ಪೆಟ್ಟಿಗೆಗಳನ್ನು ಗಾಳಿಯಾಡದ ಎರಡು ಕವರ್‌ಗಳಲ್ಲಿ ಸುತ್ತಿ, ಒಂದು ದಿನ ಫ್ರಿಜ್‌ನಲ್ಲಿ, ನಂತರ ಐದು ದಿನ ಫ್ರೀಜರ್‌ನಲ್ಲಿ, ಮತ್ತೆ ಒಂದು ದಿನ ಫ್ರಿಜ್‌ನಲ್ಲಿ ಇಡಿ. ನೇರವಾಗಿ ಫ್ರೀಜರ್‌ನಿಂದ ಹೊರಗೆ ತೆಗೆದರೆ ಹೊರಪದರದ ಎಲೆ ಸೀಳುತ್ತದೆ. ಅನಂತರ 18 ಡಿಗ್ರಿಗೆ ನಿಲ್ಲುವ ಸಣ್ಣ ವೈನ್ ಕೂಲರ್ ಬೇಕು. ಮನೆಯ ಫ್ರಿಜ್ ನಿತ್ಯದ ವಾಸಕ್ಕೆ ಆಗದು, ಅದು ಎಲೆಯ ತೇವವನ್ನು ಹೀರಿಬಿಡುತ್ತದೆ. ಕರೆಂಟು ಹೋದಾಗ ಏನು ಎಂದು ಕೇಳುತ್ತೀರಿ. ಪೆಟ್ಟಿಗೆಗಳನ್ನು ದಪ್ಪ ಗೋಡೆಯ ಐಸ್ ಬಾಕ್ಸ್‌ನೊಳಗೆ ಇಟ್ಟು, ಮನೆಯ ಕೆಳಮಹಡಿಯ ಅತಿ ತಂಪಾದ ಮೂಲೆಗೆ ತಂದರೆ ಕೆಲವು ಗಂಟೆ ತಡೆಯುತ್ತದೆ. ತೇವಕ್ಕೆ ಬೊವೆಡಾ ಪೊಟ್ಟಣ ಒಳ್ಳೆಯದು: ಹೆಚ್ಚಿದ್ದರೆ ಹೀರುತ್ತದೆ, ಕಡಿಮೆಯಾದರೆ ಬಿಡುತ್ತದೆ. ತೇವ ಅಳೆಯುವ ಮೀಟರನ್ನು ಅಂಗಡಿಯವನು ಕೊಟ್ಟ ಹಾಗೆಯೇ ನಂಬಬೇಡಿ. ಬಾಟಲಿಯ ಮುಚ್ಚಳದಲ್ಲಿ ಅಡುಗೆ ಉಪ್ಪನ್ನು ಕೆಸರಿನಂತೆ ನೆನೆಸಿ, ಮೀಟರ್ ಜೊತೆ ಬಿಗಿಯಾದ ಡಬ್ಬಿಯಲ್ಲಿ ಒಂದು ರಾತ್ರಿ ಮುಚ್ಚಿಡಿ. ಬೆಳಿಗ್ಗೆ ಅದು 75 ತೋರಿಸಬೇಕು. ನನ್ನದು 69 ತೋರಿಸಿತ್ತು.

ಮೈಸೂರಿನವರಿಗೆ ಒಂದು ಮಾತನ್ನು ಒತ್ತಿ ಹೇಳಬೇಕು. ಗಂಧದ ಪೆಟ್ಟಿಗೆಯಲ್ಲಿ ಇಡಬೇಡಿ. ಬೆಲೆಬಾಳುವ ವಸ್ತು ಎಂದ ಕೂಡಲೇ ನಮ್ಮ ಕೈ ಅದರ ಕಡೆಗೇ ಹೋಗುತ್ತದೆ. ಹೊಗೆಸೊಪ್ಪು ಪಕ್ಕದ ವಾಸನೆಯನ್ನೆಲ್ಲ ಕುಡಿಯುತ್ತದೆ. ಗಂಧ, ಊದುಬತ್ತಿ, ಕರ್ಪೂರ, ನುಸಿಗುಳಿಗೆ ಯಾವುದೂ ಹತ್ತಿರ ಇರಬಾರದು. ಸಿಗಾರಿಗೆ ಒಗ್ಗಿದ್ದು ಸ್ಪ್ಯಾನಿಷ್ ಸೀಡರ್, ಅಂದರೆ ಸೆಡ್ರೆಲಾ ಮರ. ನಮ್ಮ ಮಲೆನಾಡಿನ ಗಂಧಗರಿಗೆ ಅದರ ಹತ್ತಿರದ ಸಂಬಂಧಿ. ಹೆಸರಿನಲ್ಲಿ ಗಂಧ ಇದ್ದರೂ ಶ್ರೀಗಂಧಕ್ಕೂ ಅದಕ್ಕೂ ನಂಟಿಲ್ಲ.

ಇನ್ನು ದುಡ್ಡಿನ ವಿಷಯ. ಬೆಲೆ ಏರಿದ ಸಿಗಾರ್‌ಗಳ ಕಥೆಗಳನ್ನು ಬಿಡಿಸಿ ನೋಡಿ. ಕ್ಯೂಬಾದಲ್ಲಿ ಸುತ್ತಿದ ಡೇವಿಡಾಫ್ ಹರಾಜಿನಲ್ಲಿ ದೊಡ್ಡ ಬೆಲೆಗೆ ಹೋಗುವುದು ಆ ಕಂಪನಿ 1990ರ ಸುಮಾರಿಗೆ ಕ್ಯೂಬಾ ಬಿಟ್ಟು ಡೊಮಿನಿಕನ್ ಗಣರಾಜ್ಯಕ್ಕೆ ಹೋದದ್ದರಿಂದ. ಇನ್ನು ಮುಂದೆ ಅದು ಹುಟ್ಟುವುದಿಲ್ಲ. ಕೊಹಿಬಾ ಮತ್ತು ಟ್ರಿನಿಡಾಡ್ ಎಂಬ ಹೆಸರಿನ ಸಿಗಾರ್‌ಗಳು ತುಟ್ಟಿಯಾದದ್ದು 2022ರಲ್ಲಿ ಕ್ಯೂಬಾದ ಹಬಾನೋಸ್ ಕಂಪನಿಯೇ ಜಗತ್ತಿನಾದ್ಯಂತ ದರ ಏರಿಸಿದ್ದರಿಂದ. 1996ರಲ್ಲಿ ನ್ಯೂಯಾರ್ಕಿನ ಸೋದಬೀಸ್ ಹರಾಜಿನಲ್ಲಿ 5,74,500 ಡಾಲರ್ ತಂದದ್ದು ಸಿಗಾರ್ ಅಲ್ಲ, ಸಿಗಾರ್ ಇಡುವ ಪೆಟ್ಟಿಗೆ; ಅದು ಅಮೆರಿಕದ ಅಧ್ಯಕ್ಷ ಕೆನಡಿಯವರದಾಗಿತ್ತು. ಈ ಮೂರರಲ್ಲಿ ಒಂದರಲ್ಲಿಯೂ ಬರೀ ವಯಸ್ಸಿಗೆ ಬೆಲೆ ಬಂದಿಲ್ಲ. ಇಂದಿಗೂ ಅಂಗಡಿಯಲ್ಲಿ ಸಿಗುವ ಸಾಮಾನ್ಯ ಪೆಟ್ಟಿಗೆ ಹಳೆಯದಾದ ಮಾತ್ರಕ್ಕೆ ಮಗಳ ಕಾಲೇಜು ಶುಲ್ಕವಾಗುವುದಿಲ್ಲ. ಹದಿನೈದು ವರ್ಷದ ಕರೆಂಟು ಬಿಲ್ಲನ್ನು ಅದರಿಂದ ಕಳೆಯಿರಿ.

ಮಾರುವುದಾದರೂ ಎಲ್ಲಿ? ಪ್ರಯಾಣಿಕರು ಸುಂಕವಿಲ್ಲದೆ ತರಬಹುದಾದ 25 ಸಿಗಾರ್ ಸ್ವಂತ ಬಳಕೆಗೆಂದು ಬಿಟ್ಟದ್ದು. ಅಂಥ ಪೆಟ್ಟಿಗೆಯ ಮೇಲೆ ನಮ್ಮ ಕಾನೂನು ಕೇಳುವ ಚಿತ್ರಸಹಿತ ಎಚ್ಚರಿಕೆ ಇರುವುದಿಲ್ಲ. ಅದಿಲ್ಲದೆ ಇಲ್ಲಿ ಮಾರುವಂತಿಲ್ಲ. ಹೊರದೇಶದ ಹರಾಜಿಗೆ ಕಳುಹಿಸಬೇಕಾದರೆ ಕಸ್ಟಮ್ಸ್, ತೆರಿಗೆ, ಹರಾಜಿನವರ ಕಮಿಷನ್ ಎಲ್ಲವೂ ನಿಮ್ಮ ತಲೆಗೆ. ಚಿನ್ನವನ್ನು ಅಶೋಕ ರಸ್ತೆಗೆ ಒಯ್ದರೆ ಅದೇ ದಿನ ತೂಗಿ ಹಣ ಎಣಿಸುತ್ತಾರೆ. ಸಿಗಾರಿಗೆ ಆ ತಕ್ಕಡಿ ನಮ್ಮ ಊರಿನಲ್ಲಿ ಇಲ್ಲ. ಮಗಳ ಹೆಸರಿನಲ್ಲಿ ಸುಕನ್ಯಾ ಸಮೃದ್ಧಿ ಖಾತೆ ಇಲ್ಲದಿದ್ದರೆ, ಅವಳಿಗೆ ಹತ್ತು ತುಂಬುವ ಮೊದಲು ತೆರೆಯಿರಿ. ಕೂಲರ್‌ಗೆ ಹಾಕುವ ಹಣ ಅಲ್ಲಿಗೆ ಹೋಗಲಿ.

ಹೊಗೆಸೊಪ್ಪಿನ ದುಡ್ಡಿನಲ್ಲಿಯೇ ಓದಿದವನು ನಾನು, ಆದರೂ ಹೇಳುತ್ತೇನೆ: ಸಿಗಾರ್ ಹೊಗೆಯನ್ನು ನುಂಗದಿದ್ದರೂ ಬಾಯಿ, ಗಂಟಲಿನ ಕ್ಯಾನ್ಸರ್ ತಪ್ಪುವುದಿಲ್ಲ. ನೀವು ಸೇದದಿರುವುದು ಒಳ್ಳೆಯದಾಯಿತು, ಈ ಪೆಟ್ಟಿಗೆಗಳ ನೆಪದಲ್ಲಿ ಶುರು ಮಾಡಬೇಡಿ.

ಇಷ್ಟಾದರೂ ಚಿಕ್ಕಪ್ಪನ ನೆನಪಿಗೆ ಇಟ್ಟುಕೊಳ್ಳುವಿರಾದರೆ ಸರಿಯಾಗಿಯೇ ಇಡಿ. ಪೆಟ್ಟಿಗೆಯ ತಳದಲ್ಲಿ ಕಾರ್ಖಾನೆಯ ಸಂಕೇತವೂ, ಸ್ಪ್ಯಾನಿಷ್‌ನಲ್ಲಿ ತಿಂಗಳು ಮತ್ತು ವರ್ಷವೂ ಮುದ್ರೆಯಾಗಿರುತ್ತವೆ. ಅದರ ಫೋಟೊ ತೆಗೆದುಕೊಳ್ಳಿ. ಹಸಿರು ಬಿಳಿ ಬಣ್ಣದ ಖಾತರಿ ಚೀಟಿಯನ್ನು ಕೀಳಬೇಡಿ. ಖರೀದಿಯ ರಸೀದಿಯನ್ನು ಚಿಕ್ಕಪ್ಪನಿಂದ ಈಗಲೇ ಕೇಳಿ ಪಡೆಯಿರಿ. ಒಂದು ನೋಟ್‌ಬುಕ್‌ನಲ್ಲಿ ತಿಂಗಳಿಗೊಮ್ಮೆ ಉಷ್ಣತೆ, ತೇವ ಎರಡನ್ನೂ ಬರೆದಿಡಿ. ಫ್ರೀಜರ್ ಕೆಲಸವನ್ನಂತೂ ಶಿವರಾತ್ರಿಗೆ ಮೊದಲೇ ಮುಗಿಸಿಬಿಡಿ, ಆಮೇಲೆ ಸೆಕೆ ಕಾಯುವುದಿಲ್ಲ.