ಹಿತ್ತಿಲ ಮಾತು: ಹಸಿರಾಗಿಯೇ ಬಾಡುವ ಗುಳ್ಳದ ಗಿಡ

ಪ್ರಶ್ನೆ: ಕಟಪಾಡಿ ಕಡೆಯಿಂದ ಮಟ್ಟುಗುಳ್ಳ ಬದನೆಯ 20 ಸಸಿ ತಂದು ಸೆಪ್ಟೆಂಬರ್ ಕೊನೆಗೆ ನೆಟ್ಟೆವು. ಹೂ ಬಿಡುವ ಹೊತ್ತಿಗೆ ಒಂದೊಂದೇ ಬಾಡತೊಡಗಿತು. ಎಲೆ ಹಳದಿಯಾಗುವುದಿಲ್ಲ, ಹಸಿರಾಗಿಯೇ ಜೋತು ಬೀಳುತ್ತದೆ. ನೀರು ಹಾಕಿದರೂ ಏಳುವುದಿಲ್ಲ. ಈಗ 8 ಗಿಡ ಉಳಿದಿದೆ. ಯಾವ ಔಷಧಿ ಹೊಡೆಯಬೇಕು? (ಓದುಗರೊಬ್ಬರು, ಬಂಟ್ವಾಳ)

ಉತ್ತರ: ಔಷಧಿಗೆ ದುಡ್ಡು ಹಾಕಬೇಡಿ. ಮೊದಲು ಒಂದು ಪರೀಕ್ಷೆ ಮಾಡಿ. ಇವತ್ತು ಬಾಡಿದ ಗಿಡದ ಬುಡದಿಂದ ಬೆರಳುದ್ದ ಕಾಂಡ ಕತ್ತರಿಸಿ. ಗಾಜಿನ ಲೋಟದಲ್ಲಿ ತಿಳಿನೀರು ತುಂಬಿ, ಕತ್ತರಿಸಿದ ತುದಿ ನೀರಿಗೆ ತಾಗುವಂತೆ ಹಿಡಿಯಿರಿ. ಕೈ ಅಲುಗಬಾರದು. ಸ್ವಲ್ಪ ಹೊತ್ತಿನಲ್ಲಿ ಹಾಲಿನಂಥ ಸಣ್ಣ ಎಳೆ ನೀರಿನೊಳಗೆ ಇಳಿಯುವುದು ಕಂಡರೆ ಅದು ಬ್ಯಾಕ್ಟೀರಿಯಾದ ಸೊರಗು ರೋಗ. ರೋಗಾಣು ಕಾಂಡದ ನೀರಿನ ಕೊಳವೆಯನ್ನೇ ಕಟ್ಟಿಬಿಡುತ್ತದೆ. ಹಾಗಾಗಿ ಬುಡದಲ್ಲಿ ಎಷ್ಟು ನೀರಿದ್ದರೂ ಎಲೆಗೆ ತಲುಪುವುದಿಲ್ಲ.

ನಾನು ಇದನ್ನು ಮೊದಲು ನೋಡಿದಾಗ ಬೆಚ್ಚಿಬಿದ್ದಿದ್ದೆ. ಹಿರಿಯಡ್ಕದ ಹತ್ತಿರ ನಮ್ಮದು ಮುರಕಲ್ಲಿನ ಜಾಗ. ಆ ವರ್ಷ ಬಾಡಿದ ಗಿಡಗಳನ್ನೆಲ್ಲ ಕಿತ್ತು ಗೊಬ್ಬರದ ಗುಂಡಿಗೆ ಹಾಕಿದ್ದೆ. ಮರುವರ್ಷ ಅದೇ ಗೊಬ್ಬರವನ್ನು ಟೊಮೆಟೊಗೆ ಕೊಟ್ಟೆ. ಟೊಮೆಟೊ ಒಂದೂ ಉಳಿಯಲಿಲ್ಲ. ಅದಕ್ಕೇ ಒತ್ತಿ ಹೇಳುತ್ತೇನೆ: ಬಾಡಿದ್ದನ್ನು ಬೇರು ಸಮೇತ ಕಿತ್ತು ಸುಡಿ. ಗುಂಡಿಗೆ ಹಾಕಲೇಬೇಡಿ. ಕಿತ್ತ ಹಾರೆ, ಕತ್ತಿಯನ್ನು ತೊಳೆದು ಒಣಗಿಸದೆ ಉಳಿದ 8 ಗಿಡದ ಹತ್ತಿರ ಹೋಗಬೇಡಿ. ಬಾಡಿದ ಗಿಡದ ಬುಡದ ನೀರು ಒಳ್ಳೆಯ ಗಿಡದ ಕಡೆ ಹರಿಯದಂತೆ ಸಣ್ಣ ಕಣಿ ತೆಗೆಯಿರಿ. ಈ ರೋಗ ಜಾಸ್ತಿ ಹಬ್ಬುವುದು ನೀರಿನ ಜೊತೆಯಲ್ಲೇ.

ಆ ಜಾಗದಲ್ಲಿ ಮೂರು ವರ್ಷ ಬದನೆ, ಟೊಮೆಟೊ, ಮೆಣಸು ಬೇಡ. ಶುಂಠಿಯೂ ಬೇಡ, ಅದಕ್ಕೂ ಇದೇ ಜಾತಿಯ ರೋಗ ಬರುತ್ತದೆ. ಅಲಸಂಡೆ, ಬೆಂಡೆ, ಹರಿವೆ ಹಾಕಿ. ನಮ್ಮ ಮಳೆಗೆ ಮಣ್ಣಿನ ಸಾರವೆಲ್ಲ ತೊಳೆದು ಹೋಗಿ ಮಣ್ಣು ಹುಳಿಯಾಗುತ್ತದೆ ಅಲ್ವಾ, ಹಾಗಾಗಿ ನೆಡುವ ಎರಡು ಮೂರು ವಾರ ಮೊದಲೇ ಚಿಪ್ಪಿಸುಣ್ಣದ ಪುಡಿ ಬೆರೆಸಿ. ಸುಣ್ಣ ಮತ್ತು ಹಟ್ಟಿಗೊಬ್ಬರ ಒಟ್ಟಿಗೆ ಹಾಕಬೇಡಿ, ಗೊಬ್ಬರದ ಸತ್ವ ಗಾಳಿಗೆ ಹೋಗುತ್ತದೆ. ಸಾಲು ನೆಲಕ್ಕಿಂತ ಒಂದು ಅಡಿಯಾದರೂ ಎತ್ತರ ಇರಲಿ.

ಬದನೆ ಬೇಕೇ ಬೇಕು ಅಂದರೆ ಒಂದು ದಾರಿ ಉಂಟು. ರಸ್ತೆ ಬದಿಯಲ್ಲಿ ಮುಳ್ಳಿನ ಪೊದೆಯಲ್ಲಿ ಬಟಾಣಿಯಂಥ ಕಾಯಿ ಗೊಂಚಲು ಗೊಂಚಲಾಗಿ ಬಿಡುತ್ತದಲ್ಲ, ಸುಂಡೆ, ಅದರ ಬೇರಿಗೆ ಈ ರೋಗ ಸುಲಭಕ್ಕೆ ತಾಗುವುದಿಲ್ಲ. ಅದರ ಸಸಿಗೆ ಗುಳ್ಳದ ತಲೆಯನ್ನು ಕಸಿ ಮಾಡಿ. ಸುಂಡೆ ಬೀಜ ಮೊಳೆಯುವುದು ನಿಧಾನ, ಹಾಗಾಗಿ ಗುಳ್ಳಕ್ಕಿಂತ ಎರಡು ಮೂರು ವಾರ ಮೊದಲೇ ಬಿತ್ತಬೇಕು. ಎರಡೂ ಕಾಂಡ ಒಂದೇ ದಪ್ಪ ಆದಾಗ ಸುಂಡೆಯ ತಲೆ ಕತ್ತರಿಸಿ ನಡುವೆ ಸೀಳು ಹಾಕಿ, ಗುಳ್ಳದ ಕುಡಿಯನ್ನು ಚೂಪಾಗಿ ಕೆತ್ತಿ ಅದರೊಳಗೆ ಕೂರಿಸಿ, ಕ್ಲಿಪ್ಪು ಹಾಕಿ. ಏಳೆಂಟು ದಿನ ನೆರಳಲ್ಲಿ, ಪ್ಲಾಸ್ಟಿಕ್ ಚೀಲ ಮುಚ್ಚಿಡಿ. ಮೊದಲ ಸಲ ಹತ್ತರಲ್ಲಿ ನಾಲ್ಕು ಹಿಡಿದರೂ ಬೇಸರ ಬೇಡ. ಕೈ ಕೂತ ಮೇಲೆ ಜಾಸ್ತಿ ಹಿಡಿಯುತ್ತದೆ. ಕಸಿಯ ಕೆಳಗೆ ಚಿಗುರುವ ಸುಂಡೆಯ ಕುಡಿಯನ್ನು ಮಾತ್ರ ಚಿವುಟುತ್ತಾ ಇರಿ.

ಇನ್ನೊಂದು ಮಾತು. ಮಟ್ಟುಗುಳ್ಳಕ್ಕೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿದ್ದು ಮಟ್ಟು ಊರಿನ ಹೆಸರಿನಲ್ಲಿ. ಅಲ್ಲಿಯದು ಸಮುದ್ರದ ಹತ್ತಿರದ ಮರಳುಮಣ್ಣು. ನಿಮ್ಮ ಬಂಟ್ವಾಳದ ಮಣ್ಣಿನಲ್ಲಿ ಕಾಯಿ ಬಂದರೂ ಆ ತೆಳು ಸಿಪ್ಪೆ, ಆ ರುಚಿ ಹಾಗೇ ಬರಬೇಕೆಂದು ಕಾಯಬೇಡಿ. ನಿಮ್ಮ ಊರಲ್ಲೇ ಹಳಬರ ಮನೆಯಲ್ಲಿ ಉಳಿದಿರುವ ಬದನೆ ಬೀಜ ಕೇಳಿ ನೋಡಿ.

ಪ್ರಶ್ನೆ: ಹೀರೆಕಾಯಿ ಬೆರಳುದ್ದ ಆಗುವಾಗಲೇ ಸೊಟ್ಟಗಾಗಿ ಹಳದಿಯಾಗುತ್ತದೆ. ಒಡೆದರೆ ಒಳಗೆ ಬಿಳಿ ಹುಳ. ಮಾವಿನ ಮರಕ್ಕೆ ಕಟ್ಟಿದ ನೊಣದ ಬಲೆಯನ್ನೇ ಚಪ್ಪರಕ್ಕೂ ಕಟ್ಟಿದೆ. ಉಪಯೋಗ ಆಗಲಿಲ್ಲ. (ಗೃಹಿಣಿ, ಕಾರ್ಕಳ)

ಉತ್ತರ: ಬಲೆ ಸರಿ, ಒಳಗಿನ ವಾಸನೆ ತಪ್ಪು. ಮಾವಿನ ನೊಣ ಬರುವುದು ಮೀಥೈಲ್ ಯುಜೆನಾಲ್ ವಾಸನೆಗೆ. ತುಳಸಿ ರಸದಲ್ಲೂ ಅದು ಉಂಟು. ಹೀರೆ, ಹಾಗಲ, ಸೌತೆಯ ನೊಣ ಬೇರೆ ಜಾತಿ. ಅದಕ್ಕೆ ಕ್ಯೂಲೂರ್ ಅಂತ ಕೇಳಿ ತನ್ನಿ. ಆದರೆ ಬಲೆಗೆ ಬೀಳುವುದು ಗಂಡುನೊಣ ಮಾತ್ರ. ಮೊಟ್ಟೆ ಇಡುವ ಹೆಣ್ಣನ್ನು ತಡೆಯಲು ನಾನು ಮಾಡುವುದು ಇಷ್ಟೇ: ಹೂ ಬಾಡಿದ ದಿನವೇ ಮಿಡಿಗೆ ಹಳೆ ಪತ್ರಿಕೆಯ ಕೊಳವೆ ತೊಡಿಸಿ ದಾರ ಕಟ್ಟುತ್ತೇನೆ. ಎರಡು ದಿನ ತಡವಾದರೂ ನೊಣ ಚುಚ್ಚಿ ಆಗಿರುತ್ತದೆ. ಬಿದ್ದ ಕಾಯಿಯನ್ನು ಬುಡದಲ್ಲೇ ಬಿಡಬೇಡಿ, ಹುಳ ಮಣ್ಣಿಗಿಳಿದು ಮತ್ತೆ ನೊಣವಾಗಿ ಏಳುತ್ತದೆ. ಸಾಬೂನು ನೀರಿನ ಬಕೆಟ್ಟಿಗೆ ಹಾಕಿ.

ಪ್ರಶ್ನೆ: ನಮ್ಮ ಜೀಗುಜ್ಜೆ (ದೀವಿಹಲಸು) ಮರದಿಂದ ಉದ್ದನೆಯ ಎಳೆಕಾಯಿಗಳು ಕಪ್ಪಾಗಿ ಉದುರುತ್ತಾ ಇವೆ. (ಸುರತ್ಕಲ್)

ಉತ್ತರ: ಉದ್ದಕ್ಕೆ, ದೊಣ್ಣೆಯ ಹಾಗೆ ಇದ್ದರೆ ಅದು ಕಾಯಿಯೇ ಅಲ್ಲ, ಗಂಡುಹೂವು. ಉದುರುವುದೇ ಅದರ ಕೆಲಸ. ಉರುಟು ಮಿಡಿ ಉದುರಿದರೆ ಮಾತ್ರ ಮತ್ತೆ ಬರೆಯಿರಿ.

ಪ್ರಶ್ನೆ: ಕೊಯ್ಲಾದ ಗದ್ದೆಯಲ್ಲಿ ಮಂಗಳೂರು ಸೌತೆ ಹಾಕಿದ್ದೇವೆ. ಮಳೆಗಾಲದ ತನಕ ಇಡುವುದು ಹೇಗೆ? (ಬ್ರಹ್ಮಾವರ)

ಉತ್ತರ: ಕಾಯಿ ಹಳದಿ ತಿರುಗುವಾಗ ನೀರು ಕಡಿಮೆ ಮಾಡಿ. ನೀರು ಜಾಸ್ತಿ ಕುಡಿದ ಕಾಯಿ ಬೇಗ ಕೊಳೆಯುತ್ತದೆ. ಎರಡು ಇಂಚು ತೊಟ್ಟು ಬಿಟ್ಟು ಕೊಯ್ಯಿರಿ, ಎತ್ತಿ ಹಾಕಬೇಡಿ, ಇಡಿ. ನಮ್ಮ ಅತ್ತೆ ಬಾಳೆನಾರಿನಲ್ಲಿ ಒಂದೊಂದೇ ಕಟ್ಟಿ ಅಡುಗೆಮನೆಯ ಅಡ್ಡದಿಂದ ನೇತು ಹಾಕುತ್ತಿದ್ದರು. ಒಂದಕ್ಕೊಂದು ತಾಗಬಾರದು, ಗೋಡೆಗೂ ತಾಗಬಾರದು. ಹೊಗೆ ತಾಗಿ ಆಟಿ ತಿಂಗಳವರೆಗೂ (ಜುಲೈ-ಆಗಸ್ಟ್) ಇರುತ್ತಿತ್ತು. ಈಗ ಹೊಗೆಯಿಲ್ಲದ ಮನೆಯಲ್ಲೂ ಗಾಳಿ ಆಡುವ ಕಡೆ ಕಟ್ಟಿದರೆ ಎರಡು ಮೂರು ತಿಂಗಳು ಇಟ್ಟಿದ್ದೇನೆ. ವಾರಕ್ಕೊಮ್ಮೆ ಬೆರಳಿನಿಂದ ಒತ್ತಿ ನೋಡಿ, ಮೆತ್ತಗಾದದ್ದನ್ನು ಅಂದೇ ಹುಳಿಗೆ ಹಾಕಿ. ಬೀಜಕ್ಕೆ ಮಾತ್ರ ಬಳ್ಳಿಯ ಮೊದಲ ಕಾಯಿಗಳಲ್ಲಿ ಚೆಂದದ್ದನ್ನು ಗುರುತು ಮಾಡಿ ಬಿಡಿ. ಬೀಜ ತೊಳೆದು, ಬೂದಿಯಲ್ಲಿ ಹೊರಳಿಸಿ, ನೆರಳಲ್ಲಿ ಒಣಗಿಸಿ ಡಬ್ಬಿಗೆ ಹಾಕಿ. ಡಬ್ಬಿಯ ಮೇಲೆ ವರ್ಷ ಬರೆಯುವುದು ಮರೆಯಬೇಡಿ.