ಅಮೆರಿಕದ 2022ರ ಹಡಗು ಸಾಗಣೆ ಕಾನೂನು ಬಂದರಿನ ದಟ್ಟಣೆಯನ್ನು ಹೇಗೆ ಕಡಿಮೆ ಮಾಡುತ್ತದೆ?

ನೇರವಾಗಿ ಮಾಡುವುದಿಲ್ಲ. ಕಾನೂನೇನು ಕ್ರೇನ್ ಓಡಿಸುವುದಿಲ್ಲ ಅಲ್ವಾ? ಅದು ಬದಲಿಸುವುದು ಹಡಗು ಕಂಪನಿಗಳ ಲೆಕ್ಕಾಚಾರವನ್ನು.

ಲಾಸ್ ಏಂಜಲೀಸ್, ಲಾಂಗ್ ಬೀಚ್ ಬಂದರುಗಳು 2021ರಲ್ಲಿ ಕಟ್ಟಿಕೊಂಡಿದ್ದಾಗ ಏಷ್ಯಾದಿಂದ ಬರುವ ಸರಕಿಗೇ ಬಾಡಿಗೆ ಬಹಳ ಜಾಸ್ತಿ ಇತ್ತು. ಹಾಗಾಗಿ ಹಡಗುಗಳು ಕ್ಯಾಲಿಫೋರ್ನಿಯಾದ ಬಾದಾಮಿಗೆ ಕಾಯದೆ ಖಾಲಿ ಕಂಟೇನರ್ ಹೊತ್ತು ವಾಪಸ್ ಓಡುತ್ತಿದ್ದವು. ಈಗ ಸರಿಯಾದ ಕಾರಣವಿಲ್ಲದೆ ರಫ್ತು ಸರಕನ್ನು ಬೇಡ ಎನ್ನುವಂತಿಲ್ಲ.

ನನಗೆ ಮುಖ್ಯ ಅನಿಸುವುದು ಡೆಮರೇಜ್, ಅಂದರೆ ಕಂಟೇನರ್ ಬಂದರಿನಲ್ಲೇ ಉಳಿದರೆ ದಿನದ ಲೆಕ್ಕದಲ್ಲಿ ಬೀಳುವ ಶುಲ್ಕ. ಗೇಟಿನಲ್ಲಿ ಲಾರಿಗೆ ಸರದಿಯೇ ಸಿಗದಿದ್ದರೂ ಬಿಲ್ ಬರುತ್ತಿತ್ತು! ಈಗ ಎಷ್ಟು ದಿನ ಉಚಿತ ಎಂಬಂಥ ವಿವರ ಬಿಲ್ಲಿನಲ್ಲಿ ಇಲ್ಲದಿದ್ದರೆ ಕಟ್ಟಬೇಕಿಲ್ಲ. ಶುಲ್ಕ ನ್ಯಾಯವಾದದ್ದು ಎಂದು ತೋರಿಸುವ ಹೊಣೆಯೂ ಹಡಗು ಕಂಪನಿಯದೇ.