ಅಟ್ಟದಲ್ಲಿ ಸಿಕ್ಕಿದ ಹಳೇ ಸಿಬಿ ರೇಡಿಯೋ: ಇಟ್ಟುಕೊಳ್ಳುವುದಾ, ಗುಜರಿಗೆ ಹಾಕುವುದಾ?

ಮೊದಲು ಒಂದು ಮಾತು. ಆ ಮೈಕಿನ ಬದಿಯಲ್ಲಿ ಒಂದು ಬಟನ್ ಉಂಟಲ್ಲ, ಅದನ್ನು ಒತ್ತಬೇಡಿ. ಉಳಿದದ್ದನ್ನೆಲ್ಲ ನಿಧಾನವಾಗಿ ನೋಡುವ.

ನೀವು ಕೇಳಿದ್ದು ಇಷ್ಟು: ಕಟಪಾಡಿಯ ಅಜ್ಜಿ ಮನೆ ಖಾಲಿ ಮಾಡುವಾಗ ಅಟ್ಟದಲ್ಲಿ ಸುರುಳಿ ವಯರಿನ ಮೈಕ್ ಇರುವ ಒಂದು ಪೆಟ್ಟಿಗೆ ಸಿಕ್ಕಿದೆ, ಮೇಲೆ ಸಿಬಿ ಅಂತ ಬರೆದಿದೆ (ಸಿಟಿಜನ್ಸ್ ಬ್ಯಾಂಡ್, ಅಂದರೆ ಜನಸಾಮಾನ್ಯರು ಒಬ್ಬರಿಗೊಬ್ಬರು ಮಾತಾಡುವ ವಯರ್‌ಲೆಸ್ ಸೆಟ್ಟು). ಕರೆಂಟ್ ಕೊಟ್ಟರೆ ಓಡುತ್ತದಾ, ಮಾರಿದರೆ ಕಾಸು ಬರುತ್ತದಾ, ಮನೆಯಲ್ಲಿ ಇಟ್ಟರೆ ಪೊಲೀಸರ ತೊಂದರೆ ಉಂಟಾ?

ನನಗೂ ಇಂಥದ್ದೇ ಒಂದು 2023ರಲ್ಲಿ ಸಿಕ್ಕಿತ್ತು. ಸುರತ್ಕಲ್‌ನಲ್ಲಿರುವ ನನ್ನ ಸೋದರಮಾವನ ಹೆಂಚಿನ ಮನೆ. ಟ್ರಂಕಿನ ಒಳಗೆ, ನುಸಿಗುಳಿಗೆಯ ವಾಸನೆ ಬರುವ ಬೈರಾಸಿನಲ್ಲಿ ಸುತ್ತಿ ಇಟ್ಟಿದ್ದರು. ಮಿಡ್‌ಲ್ಯಾಂಡ್ ಕಂಪನಿಯದ್ದು, 23 ಚಾನೆಲ್. ಮಾವ ಹಡಗಿನ ಎಂಜಿನ್ ರೂಮಿನಲ್ಲಿ ಕೆಲಸಕ್ಕಿದ್ದವರು. 1976ರಲ್ಲಿ ಹೂಸ್ಟನ್ ಬಂದರಿನಲ್ಲಿ ಹಡಗು ನಿಂತಾಗ ತೆಗೆದುಕೊಂಡದ್ದಂತೆ. ಆಗ ಅಮೆರಿಕದಲ್ಲಿ ಅದರದ್ದೇ ಹುಚ್ಚು. 1973ರಲ್ಲಿ ಪೆಟ್ರೋಲ್, ಡೀಸೆಲ್‌ಗೆ ಬರ ಬಂತು. ಆಮೇಲೆ ಹೆದ್ದಾರಿಯಲ್ಲಿ ಗಂಟೆಗೆ 55 ಮೈಲಿಗಿಂತ ಜಾಸ್ತಿ ಓಡಿಸಬಾರದು ಅಂತ ಕಾನೂನು ಬಂತು. ಡೀಸೆಲ್ ಎಲ್ಲಿ ಸಿಗುತ್ತದೆ, ಪೊಲೀಸ್ ಎಲ್ಲಿ ನಿಂತಿದ್ದಾನೆ ಅಂತ ಲಾರಿಯವರು ಒಬ್ಬರಿಗೊಬ್ಬರು ಹೇಳಿಕೊಳ್ಳಲಿಕ್ಕೆ ಶುರು ಮಾಡಿದ್ದು ಇದರಲ್ಲಿ. ನೋಡಿ ನೋಡಿ ಊರಿನವರೆಲ್ಲ ಕಾರಿಗೆ ಹಾಕಿಸಿಕೊಂಡರು. ಪ್ರತಿಯೊಬ್ಬರಿಗೂ ಒಂದು ಅಡ್ಡಹೆಸರು. ಅಧ್ಯಕ್ಷ ಫೋರ್ಡ್ ಅವರ ಹೆಂಡತಿ ಬೆಟ್ಟಿ ಫೋರ್ಡ್ ಕೂಡ ಮಾತಾಡುತ್ತಿದ್ದರು, ಅವರ ಹೆಸರು 'ಫಸ್ಟ್ ಮಾಮಾ'. ಅಲ್ಲಿ ಮಾಮಾ ಅಂದರೆ ಅಮ್ಮ. ಇದನ್ನು ಹೇಳಿದಾಗ ನಮ್ಮ ಮಾವ ಒಂದು ದಿನ ಪೂರ್ತಿ ನಗಾಡಿದ್ದಾರೆ.

ಆದರೆ ಅವರು ತಂದದ್ದು ಒಂದೇ ಸೆಟ್ಟು ಮಾರಾಯ್ರೇ! ಇನ್ನೊಂದು ತುದಿಯಲ್ಲಿ ಯಾರು ಮಾತಾಡುವುದು? ಊರಿಗೆ ತಂದ ಮೇಲೆ ಅದು ಹೊಳೆಯಿತು. ಆ ಕಾಲದಲ್ಲಿ ಮನೆಯ ಮಾಮೂಲಿ ರೇಡಿಯೋಗೇ ಪೋಸ್ಟಾಫೀಸಿನಲ್ಲಿ ಲೈಸೆನ್ಸ್ ಹಣ ಕಟ್ಟಬೇಕಿತ್ತು, ಇದನ್ನು ಯಾರಿಗೆ ತೋರಿಸುವುದು ಅಂತ ಟ್ರಂಕಿಗೆ ಹಾಕಿದ್ದಾರೆ. ನಿಮ್ಮ ಅಜ್ಜಿ ಮನೆಯದ್ದೂ ಹೆಚ್ಚುಕಮ್ಮಿ ಇದೇ ಕಥೆ ಇರಬಹುದು.

ಈಗ ಬಟನ್ ಯಾಕೆ ಒತ್ತಬಾರದು ಅಂತ. ಒತ್ತಿದರೆ ಸೆಟ್ಟು ಸಿಗ್ನಲ್ ಹೊರಗೆ ಬಿಡುತ್ತದೆ. ಹಿಂದೆ ಆಂಟೆನಾ ಇಲ್ಲದಿದ್ದರೆ ಆ ಶಕ್ತಿಗೆ ಹೋಗಲು ಜಾಗವಿಲ್ಲ, ವಾಪಸ್ ಬಂದು ಕೊನೇ ಟ್ರಾನ್ಸಿಸ್ಟರನ್ನೇ ಸುಡುತ್ತದೆ. ಆ ಕಾಲದ ಟ್ರಾನ್ಸಿಸ್ಟರ್ ಹುಡುಕಿಕೊಂಡು ಹೋದರೆ ಚಪ್ಪಲಿ ಸವೆಯುವುದು ಮಾತ್ರ.

ಕಾನೂನಿನ ಮಾತು ಆಮೇಲಿನದ್ದು. 26.957ರಿಂದ 27.283 ಮೆಗಾಹರ್ಟ್ಸ್ ವರೆಗೆ, 5 ವ್ಯಾಟ್ ಒಳಗೆ ಲೈಸೆನ್ಸ್ ಬೇಡ ಅಂತ ಕೇಂದ್ರ ಸರಕಾರ 2005ರಲ್ಲಿ ನಿಯಮ ಮಾಡಿದೆ. ಹಾಗಾದರೆ ಆಯಿತಲ್ಲ ಅಂತ ಹಾರಬೇಡಿ. ಆ ವಿನಾಯಿತಿ ಆಂಟೆನಾ ಸೆಟ್ಟಿಗೇ ಕೂಡಿಕೊಂಡಿರುವ, ಕೈಯಲ್ಲಿ ಹಿಡಿಯುವ ಸಣ್ಣ ಸೆಟ್ಟುಗಳಿಗೆ. ಕಾರಿನ ಸೆಟ್ಟಿಗೆ ಮನೆಯ ಮಾಡಿನ ಮೇಲೆ ಉದ್ದ ಕೋಲು ನಿಲ್ಲಿಸಿದರೆ ನೀವು ಅದರ ಒಳಗೆ ಬರುವುದಿಲ್ಲ. ಇನ್ನೊಂದು, ಚಾನೆಲ್ ಎಷ್ಟು ಅಂತ ನೋಡಿ. 23 ಚಾನೆಲ್‌ನ ಸೆಟ್ಟು 26.965ರಲ್ಲಿ ಶುರುವಾಗಿ 27.255ಕ್ಕೆ ಮುಗಿಯುತ್ತದೆ, ನಮ್ಮ ಗಡಿಯ ಒಳಗೇ ಉಂಟು. ಅಮೆರಿಕದಲ್ಲಿ 1977ರಿಂದ 40 ಚಾನೆಲ್ ಆಯಿತು. ಅವು 27.405ರ ತನಕ ಹೋಗುತ್ತವೆ. ಅದರಲ್ಲಿ 28ನೇ ಚಾನೆಲ್‌ನಿಂದ ಮೇಲಿನದ್ದೆಲ್ಲ ನಮ್ಮಲ್ಲಿ ಹೊರಗೆ. ನಮ್ಮದು ಕರಾವಳಿ ಬೇರೆ. ವಯರ್‌ಲೆಸ್ ಅಂತ ಯಾರಾದರೂ ದೂರು ಕೊಟ್ಟರೆ ಇಲ್ಲಿ ಪೊಲೀಸರು ಹಗುರಕ್ಕೆ ತೆಗೆದುಕೊಳ್ಳುವುದಿಲ್ಲ. ಸುಮ್ನೆ ಕೇಳುವುದಕ್ಕೆ ಇಟ್ಟುಕೊಳ್ಳಿ, ಸಿಗ್ನಲ್ ಬಿಡುವುದಕ್ಕೆ ಹೋಗಬೇಡಿ ಅಂತ ನಾನು ಹೇಳುವುದು.

ಕರೆಂಟ್ ಕೊಡುವ ಮೊದಲು ಸೆಟ್ಟು ಬಿಚ್ಚಿ ನೋಡಲೇಬೇಕು. ನನ್ನದರ ನಾಲ್ಕು ಸ್ಕ್ರೂ ಬಿಚ್ಚಲಿಕ್ಕೇ ಎರಡು ದಿನ ಹೋಯಿತು, ಸಮುದ್ರದ ಗಾಳಿಗೆ ತುಕ್ಕು ಹಿಡಿದು ಕೂತಿದ್ದವು. ತೆಂಗಿನೆಣ್ಣೆ ಬಿಟ್ಟು ಒಂದು ರಾತ್ರಿ ಇಟ್ಟೆ, ಮಾವನ ಉಪಾಯ ಅದು. ಮುಚ್ಚಳ ತೆಗೆದರೆ ಸ್ಪೀಕರಿನ ಪಕ್ಕದಲ್ಲಿ ಕುಂಬಾರ ಹುಳ ಗೂಡು ಕಟ್ಟಿತ್ತು. ಹೆಬ್ಬೆಟ್ಟಿನಷ್ಟು ದಪ್ಪ, ಗಟ್ಟಿ ಮಣ್ಣು. ಟ್ರಂಕಿಗೆ ಹೋಗುವ ಮೊದಲು ಎಷ್ಟೋ ದಿನ ಎಲ್ಲೋ ಹೊರಗೇ ಇತ್ತು ಅಂತ ಆಯಿತು, ಮಾವ ಮಾತ್ರ ಒಪ್ಪುವುದಿಲ್ಲ. ಆಂಟೆನಾ ಸಿಕ್ಕಿಸುವ ಜಾಗದಲ್ಲಿ ಹಸಿರು ಕಿಲುಬು. ಒಂದು ದೊಡ್ಡ ಕೆಪಾಸಿಟರಿನ ತಲೆ ಉಬ್ಬಿ, ಬುಡದಲ್ಲಿ ಕಂದು ಬಣ್ಣದ ಅಂಟು ಇಳಿದಿತ್ತು. ಅದನ್ನು ಹಂಪನಕಟ್ಟೆ ಕಡೆಯ ಒಂದು ಸ್ಪೇರ್ ಅಂಗಡಿಯಿಂದ ಅದೇ ಅಳತೆಯದ್ದು ತಂದು ಬದಲಾಯಿಸಿದೆ. ಪ್ಲಸ್, ಮೈನಸ್ ತಿರುಗಿಸಿ ಹಾಕಿದರೆ ಪಟಾಕಿ, ಜಾಗ್ರತೆ. ಕಿಲುಬಿಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಮತ್ತು ಹಳೇ ಹಲ್ಲುಜ್ಜುವ ಬ್ರಷ್ ಸಾಕು. ಒಳಗೆ ತಿರುಗಿಸುವ ಬಣ್ಣದ ಸಣ್ಣ ಸ್ಕ್ರೂಗಳು ಕಾಣಿಸುತ್ತವೆ, ಅವುಗಳ ತಂಟೆಗೆ ಹೋಗಬೇಡಿ. ಟ್ಯೂನ್ ಹೋದರೆ ಸರಿಮಾಡುವವರು ಸಿಗುವುದಿಲ್ಲ.

ಇದು 12 ವೋಲ್ಟಿನ ಕಾರಿನ ವಸ್ತು. ಗೋಡೆಯ ಪ್ಲಗ್ಗಿಗೆ ಹಾಕುವುದು ಅಂತ ತಿಳಿದು ಹಾಕಿದರೆ ಕಥೆ ಅಲ್ಲಿಗೇ ಮುಗಿಯಿತು. ಯುಪಿಎಸ್‌ನ ಸಣ್ಣ 12 ವೋಲ್ಟ್ ಬ್ಯಾಟರಿ ಇದ್ದರೆ ಒಳ್ಳೆಯದು. ಕೆಂಪು ವಯರಿನ ದಾರಿಯಲ್ಲಿ ಬೈಕಿನ ಇಂಡಿಕೇಟರ್ ಬಲ್ಬು ಒಂದು ಸೇರಿಸಿ. ಆನ್ ಮಾಡಿದ ಕೂಡಲೇ ಬಲ್ಬು ಧಗ್ಗನೆ ಪೂರ್ತಿ ಉರಿದರೆ ಒಳಗೆ ಎಲ್ಲೋ ಶಾರ್ಟ್ ಉಂಟು ಅಂತ ಅರ್ಥ. ಮಂಕಾಗಿ ಕೆಂಪಗೆ ಕಂಡರೆ ಅಥವಾ ಉರಿಯದಿದ್ದರೆ ಬದುಕಿದಿರಿ. ಶಾರ್ಟ್ ಇದ್ದರೂ ಗಾಬರಿ ಬೇಡ. ಯಾರೋ ಹಿಂದೆ ವಯರ್ ಉಲ್ಟಾ ಕೊಟ್ಟು, ಕಾಪಾಡಲು ಇಟ್ಟ ಡಯೋಡ್ ಸತ್ತಿರುತ್ತದೆ. ನಾಲ್ಕೈದು ರೂಪಾಯಿಯ ಸಾಮಾನು ಅದು.

ನನ್ನದು ಆನ್ ಆಯಿತು, ದೀಪ ಉರಿಯಿತು, ಶಬ್ದವೇ ಇಲ್ಲ. ಬಟನ್ ಯಾರೂ ಒತ್ತದಿರಲಿ ಅಂತ ನಾನು ಮೈಕನ್ನು ಕಿತ್ತು ಬದಿಗಿಟ್ಟಿದ್ದೆ. ಒಂದು ವಾರ ಸ್ಪೀಕರ್ ಬದಲಾಯಿಸಿದೆ, ವಾಲ್ಯೂಮ್ ತೊಳೆದೆ, ತಲೆ ಕೆರೆದುಕೊಂಡೆ. ಕೊನೆಗೆ ಬೇಜಾರಾಗಿ ಪ್ಯಾಕ್ ಮಾಡುವ ಅಂತ ಮೈಕ್ ಸಿಕ್ಕಿಸಿದೆ ನೋಡಿ, ಭರ್ರ್ ಅಂತ ಶುರು! ಇಂಥ ಹಳೇ ಸೆಟ್ಟುಗಳಲ್ಲಿ ಸ್ಪೀಕರಿನ ಕನೆಕ್ಷನ್ ಮೈಕಿನ ಬಟನ್ ಒಳಗಿಂದ ಸುತ್ತಿ ಬರುವುದು ಸಾಮಾನ್ಯ. ಮೈಕ್ ಇಲ್ಲದಿದ್ದರೆ ಕೇಳುವುದೂ ಇಲ್ಲ. ಹಾಗಾಗಿ ಮೈಕ್ ಇರಲಿ, ಬಟನ್ ಅಡಿಗೆ ದಪ್ಪ ಪ್ಲಾಸ್ಟಿಕ್ ತುಂಡು ಸಿಕ್ಕಿಸಿ. ನಾನು ಹಳೇ ಸಿಮ್ ಕಾರ್ಡಿನ ಚೌಕಟ್ಟು ಕತ್ತರಿಸಿ ಹಾಕಿದ್ದೇನೆ.

ಏನು ಕೇಳುತ್ತದೆ? ಮಂಗಳೂರು ಆಕಾಶವಾಣಿ ಬರುವುದಿಲ್ಲ, ಮೊದಲೇ ಹೇಳಿದೆ. ಕಿಟಕಿಯಿಂದ ಒಂಬತ್ತು ಅಡಿ ವಯರ್ ಇಳಿಬಿಟ್ಟು ಕೂತೆ. ಹೆಚ್ಚಿನ ಹೊತ್ತು ಮಳೆ ಹೊಯ್ದ ಹಾಗೆ ಶಬ್ದ. ದಿನಾ ಬೆಳಿಗ್ಗೆ ಹತ್ತು ಗಂಟೆ ಆಗುವಾಗ 13, 14ನೇ ಚಾನೆಲ್‌ನಲ್ಲಿ 'ಗುಂಯ್' ಅಂತ ಒಂದು ಸದ್ದು, ಹದಿನೈದು ನಿಮಿಷ ಬಂದು ನಿಲ್ಲುತ್ತಿತ್ತು. ಭಾನುವಾರ ಇಲ್ಲ. ತಲೆಬುಡ ಅರ್ಥವಾಗಲಿಲ್ಲ. ಆಮೇಲೆ ಗೊತ್ತಾಯಿತು, ನಮ್ಮ ಮನೆಯ ಹಿಂದೆ ಫಿಸಿಯೋಥೆರಪಿ ಕ್ಲಿನಿಕ್ ಉಂಟು. ಬೆನ್ನು, ಮಂಡಿ ನೋವಿಗೆ ಶಾಖ ಕೊಡುವ ಶಾರ್ಟ್‌ವೇವ್ ಮಿಷನ್ ಓಡುವುದು 27.12 ಮೆಗಾಹರ್ಟ್ಸ್‌ನಲ್ಲಿ. 13ನೆಯದು 27.115, 14ನೆಯದು 27.125, ಸರಿಯಾಗಿ ನಡುವೆ! ಯಾರದ್ದೋ ಮಂಡಿ ನೋವನ್ನು ನಾನು ಕಿಟಕಿಯಲ್ಲಿ ಕೂತು ಕೇಳುತ್ತಿದ್ದೆ. ತಂಗಿಯ ಮಗನ ರಿಮೋಟ್ ಕಾರು ಕೂಡ 27ರದ್ದು. ಅವನು ಕಾರು ಬಿಟ್ಟಾಗ ಇಲ್ಲಿ ಟಕಟಕ ಅನ್ನುತ್ತದೆ.

ಮರುವರ್ಷ, 2024ರಲ್ಲಿ, ಕೆಲವು ದಿನ ಹಗಲಿನಲ್ಲಿ ಮನುಷ್ಯರ ಮಾತೂ ಬಂತು. ಯಾವ ಭಾಷೆ ಅಂತ ನನಗೆ ತಿಳಿಯಲಿಲ್ಲ. ಸೂರ್ಯನ ಮೇಲೆ ಕಲೆಗಳು ಜಾಸ್ತಿ ಇದ್ದಾಗ ಈ ಅಲೆಗಳು ಆಕಾಶದ ಮೇಲಿನ ಪದರಕ್ಕೆ ಬಡಿದು ಸಾವಿರಾರು ಕಿಲೋಮೀಟರ್ ಆಚೆ ಇಳಿಯುತ್ತವೆ. ಸುಮಾರು 11 ವರ್ಷಕ್ಕೊಮ್ಮೆ ಆ ಕಾಲ ಬರುತ್ತದೆ. ಏಪ್ರಿಲ್, ಮೇ ಸಿಡಿಲಿನ ದಿನಗಳಲ್ಲಿ ಮಾತ್ರ ಆ ವಯರನ್ನು ಒಳಗೆ ಎಳೆದುಕೊಳ್ಳಿ.

ಇನ್ನು ಮಾರುವುದು. 23 ಚಾನೆಲ್‌ನ ಸಾದಾ ಸೆಟ್ಟಿಗೆ ಹೇಳಿಕೊಳ್ಳುವ ಬೆಲೆ ಇಲ್ಲ. 1978ರ ಜನವರಿಯಿಂದ ಅಮೆರಿಕದಲ್ಲೇ ಅದನ್ನು ಹೊಸದಾಗಿ ಮಾರುವ ಹಾಗಿರಲಿಲ್ಲ. ಕಾಸು ಕೊಟ್ಟು ತೆಗೆದುಕೊಳ್ಳುವವರು ಹುಡುಕುವುದು ಎಸ್‌ಎಸ್‌ಬಿ (ಸಿಂಗಲ್ ಸೈಡ್‌ಬ್ಯಾಂಡ್, ಅಷ್ಟೇ ಶಕ್ತಿಯಲ್ಲಿ ಹೆಚ್ಚು ದೂರ ಮುಟ್ಟುವ ವಿಧಾನ) ಇರುವ ಸೆಟ್ಟುಗಳನ್ನು, ಕೋಬ್ರಾ 148 ಜಿಟಿಎಲ್ ಥರದ್ದು. ನಿಮ್ಮದರಲ್ಲಿ ಯುಎಸ್‌ಬಿ, ಎಲ್‌ಎಸ್‌ಬಿ (ಪೆನ್‌ಡ್ರೈವಿನ ಯುಎಸ್‌ಬಿ ಅಲ್ಲ, ಅಪ್ಪರ್ ಮತ್ತು ಲೋವರ್ ಸೈಡ್‌ಬ್ಯಾಂಡ್) ಅಂತ ಬರೆದ ಸ್ವಿಚ್ ಇದ್ದರೆ ಗುಜರಿಯವನ ಹತ್ತಿರ ಮಾತೇ ಎತ್ತಬೇಡಿ. ಆನ್‌ಲೈನ್‌ನಲ್ಲಿ ಹಾಕುವ ಯೋಚನೆಯೂ ಬೇಡ. ವಾಕಿಟಾಕಿಯಂಥ ರೇಡಿಯೋಗಳನ್ನು ಅಲ್ಲಿ ಮಾರುವುದರ ಮೇಲೆ 2025ರಲ್ಲಿ ಸರಕಾರ ಬಿಗಿ ಮಾಡಿದೆ. ಕೊಡುವುದೇ ಆದರೆ ಲೈಸೆನ್ಸ್ ಇರುವ ಹ್ಯಾಮ್‌ನವರಿಗೆ, ಅಂದರೆ ಹವ್ಯಾಸಕ್ಕೆ ವಯರ್‌ಲೆಸ್ ನಡೆಸುವವರಿಗೆ ಕೊಡಿ, ಮಂಗಳೂರಿನಲ್ಲಿ ಇದ್ದಾರೆ. 40 ಚಾನೆಲ್‌ನ ಸೆಟ್ಟುಗಳಲ್ಲಿ ಕೆಲವನ್ನು ಅವರು 28 ಮೆಗಾಹರ್ಟ್ಸ್‌ಗೆ ತಿರುಗಿಸಿ ತಮ್ಮ ಬ್ಯಾಂಡಿನಲ್ಲಿ ಬಳಸುತ್ತಾರೆ.

ನನ್ನ ಕಸಿನ್ ಒಬ್ಬ ಇದನ್ನು ಮಲ್ಪೆಯ ಬೋಟಿಗೆ ಹಾಕುವ ಅಂದಿದ್ದ. ಬೋಟಿನವರ ವಯರ್‌ಲೆಸ್ಸೇ ಬೇರೆ, 156 ಮೆಗಾಹರ್ಟ್ಸ್ ಕಡೆಯದ್ದು, ಕಷ್ಟಕಾಲದಲ್ಲಿ ಕರೆಯುವುದು 16ನೇ ಚಾನೆಲ್‌ನಲ್ಲಿ. ಸಮುದ್ರದ ನಡುವೆ ಇದನ್ನು ಹಿಡಿದು ಕೂಗಿದರೆ ಯಾರೂ ಕೇಳಲಿಕ್ಕಿಲ್ಲ.

ನಾನು ನನ್ನದನ್ನು ಇಟ್ಟುಕೊಂಡಿದ್ದೇನೆ. ಕಪಾಟಿನ ಮೇಲೆ ಉಂಟು, ತಿಂಗಳಿಗೊಮ್ಮೆ ಆನ್ ಮಾಡುತ್ತೇನೆ. ಮಾವ ಬಂದಾಗಲೆಲ್ಲ ಒಮ್ಮೆ ಕಿವಿ ಕೊಟ್ಟು, "ಇನ್ನೂ ಯಾರೂ ಮಾತಾಡ್ಲಿಲ್ವಾ?" ಅಂತ ಕೇಳಿ ಚಾ ಕುಡಿದು ಹೋಗುತ್ತಾರೆ.

ನಿಮ್ಮದರ ಫೋಟೋ ಹಾಕುವುದಾದರೆ ಹಿಂಬದಿಯದ್ದು ಹಾಕಿ. ಮಾಡೆಲ್ ನಂಬರು, ವೋಲ್ಟು ಎಲ್ಲ ಅಲ್ಲಿರುತ್ತದೆ. ಮುಂದಿನ ಮುಖ ನೋಡಿದರೆ ಎಲ್ಲವೂ ಒಂದೇ ಥರ ಕಾಣುತ್ತವೆ.